ಕೆಲಸ ಬಿಟ್ಟಾಯ್ತು, ಥ್ಯಾಂಕ್ಸ್ ಹೇಳೋದು ಬಾಕಿ ಇದೆ

ಆಸ್ಪತ್ರೆ ಲ್ಯಾಬಿನ ಕೆಲಸವನ್ನು ನಾನು ಹೋದ ತಿಂಗಳು ಬಿಟ್ಟೆ. ನಿವೃತ್ತಿಗೆ ಇನ್ನೂ ಸಾಕಷ್ಟು ವರ್ಷ ಇತ್ತು. ಕಾರಣ ಹತ್ತಿರದವರಿಗೆ ಗೊತ್ತು. ಉಳಿದವರಿಗೆ "ಆರೋಗ್ಯ ಸರಿ ಇಲ್ಲ" ಅಂತಷ್ಟೇ ಹೇಳಿದ್ದೆ. ಬೀಳ್ಕೊಡುಗೆಯಲ್ಲಿ ಎರಡು ಮಾತು ಆಡುವುದಕ್ಕೂ ಆಗಲಿಲ್ಲ. ಯಾರಿಗೆ, ಯಾವುದಕ್ಕೆ ಋಣಿ ಅಂತ ಬಿಡಿಸಿ ಹೇಳದೆ ಹೊರಟುಬಿಡುವುದು ಸರಿ ಅನ್ನಿಸಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬರೆಯುತ್ತಿದ್ದೇನೆ ಅಂದರೆ, ಫೋನಿಗೆ ಹೇಳುತ್ತಿದ್ದೇನೆ, ಅದು ಟೈಪ್ ಮಾಡುತ್ತಿದೆ. ತಪ್ಪುಗಳನ್ನು ಮಗಳು ತಿದ್ದುತ್ತಾಳೆ.

ನನಗಿರುವುದು ರುಮಟಾಯ್ಡ್ ಆರ್ಥ್ರೈಟಿಸ್. ವಯಸ್ಸಾದ ಮೇಲೆ ಮಂಡಿ ಸವೆದು ಬರುವ ನೋವೇ ಬೇರೆ, ಇದೇ ಬೇರೆ. ರೋಗಾಣುಗಳ ಜೊತೆ ಹೋರಾಡಬೇಕಾದ ನಮ್ಮದೇ ರಕ್ಷಣಾ ವ್ಯವಸ್ಥೆ ಇದರಲ್ಲಿ ಕೀಲಿನ ಒಳಪೊರೆಯ ಮೇಲೆ ತಿರುಗಿಬೀಳುತ್ತದೆ. ಪೊರೆ ಊದಿಕೊಳ್ಳುತ್ತದೆ, ಹಾಗೇ ಬಿಟ್ಟರೆ ಪಕ್ಕದ ಮೂಳೆಯನ್ನೂ ತಿನ್ನುತ್ತಾ ಹೋಗುತ್ತದೆ. ಸಾಮಾನ್ಯವಾಗಿ ಶುರುವಾಗುವುದು ಕೈಬೆರಳಿನ ಗೆಣ್ಣು, ಮಣಿಕಟ್ಟು, ಪಾದದ ಸಣ್ಣ ಕೀಲುಗಳಲ್ಲಿ. ಅದೂ ಎರಡೂ ಕಡೆ ಒಟ್ಟಿಗೆ. ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಜಾಸ್ತಿ ಬರುತ್ತದೆ. ಬರುವುದಕ್ಕೆ ಮುದುಕಿ ಆಗಬೇಕಾಗಿಲ್ಲ.

ಲ್ಯಾಬಿನವಳಿಗೆ ಈ ಕಾಯಿಲೆ ಬಂದರೆ ಒಂದು ವಿಚಿತ್ರ ಪರಿಸ್ಥಿತಿ. ಇಷ್ಟು ವರ್ಷ ಬೇರೆಯವರ ರಕ್ತ ತೆಗೆದು ನಾನೇ ಮಾಡುತ್ತಿದ್ದ ಪರೀಕ್ಷೆಗಳು ನನ್ನ ಹೆಸರಲ್ಲೇ ಬರತೊಡಗಿದವು. ಇಎಸ್‌ಆರ್, ಸಿಆರ್‌ಪಿ, ರುಮಟಾಯ್ಡ್ ಫ್ಯಾಕ್ಟರ್, ಆಂಟಿ-ಸಿಸಿಪಿ. ಇಎಸ್‌ಆರ್ ಬಹಳ ಸರಳವಾದ ಪರೀಕ್ಷೆ. ಉದ್ದನೆಯ ಕೊಳವೆಯಲ್ಲಿ ರಕ್ತ ನಿಲ್ಲಿಸಿ, ಒಂದು ಗಂಟೆಯಲ್ಲಿ ಕೆಂಪು ಕಣಗಳು ಎಷ್ಟು ಮಿಲಿಮೀಟರ್ ಕೆಳಗಿಳಿದವು ಅಂತ ನೋಡುವುದು. ದೇಹದಲ್ಲಿ ಎಲ್ಲೋ ಉರಿಯೂತ ಇದ್ದರೆ ಬೇಗ ಇಳಿಯುತ್ತವೆ. ಎಲ್ಲಿ, ಯಾಕೆ ಅಂತ ಅದು ಹೇಳುವುದಿಲ್ಲ. ಸಿಆರ್‌ಪಿಯೂ ಹಾಗೇ, ಉರಿಯೂತ ಇದ್ದರೆ ರಕ್ತದಲ್ಲಿ ಏರುವ ಒಂದು ಪ್ರೋಟೀನ್. ಉಳಿದ ಎರಡು, ಈ ಕಾಯಿಲೆಯವರ ರಕ್ತದಲ್ಲಿ ಹೆಚ್ಚಾಗಿ ಸಿಗುವ ಪ್ರತಿಕಾಯಗಳನ್ನು, ಅಂದರೆ ರಕ್ಷಣಾ ವ್ಯವಸ್ಥೆ ತಯಾರಿಸುವ ಪ್ರೋಟೀನ್‌ಗಳನ್ನು, ಹುಡುಕುವ ಪರೀಕ್ಷೆಗಳು. ರುಮಟಾಯ್ಡ್ ಫ್ಯಾಕ್ಟರನ್ನು 1940ರಲ್ಲಿ ನಾರ್ವೆಯ ಎರಿಕ್ ವಾಲರ್ ಗುರುತಿಸಿದ್ದು ಕುರಿಯ ರಕ್ತಕಣಗಳನ್ನು ಬಳಸಿ. ಕಾಯಿಲೆ ಇರುವ ಎಲ್ಲರಲ್ಲೂ ಅದು ಪಾಸಿಟಿವ್ ಬರುವುದಿಲ್ಲ, ಕಾಯಿಲೆ ಇಲ್ಲದ ಕೆಲವರಲ್ಲಿ ಬರುತ್ತದೆ. ಇದನ್ನೆಲ್ಲ ಹೊಸಬರಿಗೆ ಪಾಠ ಮಾಡಿದವಳು ನಾನೇ. ಆದರೂ ನನ್ನ ರಿಪೋರ್ಟ್ ಪ್ರಿಂಟ್ ಆಗಿ ಬರುವಾಗ ಎದೆ ಹೊಡೆದುಕೊಳ್ಳುವುದು ತಪ್ಪಲಿಲ್ಲ.

ಮೊದಲ ಥ್ಯಾಂಕ್ಸ್ ನಮ್ಮ ಲ್ಯಾಬಿನ ಮುಖ್ಯಸ್ಥೆಗೆ. ಯಾಕೆ ಅಂತ ಹೇಳಬೇಕಾದರೆ ಬೆಳಗಿನ ವಿಷಯ ಹೇಳಬೇಕು.

ಈ ಕಾಯಿಲೆಯಲ್ಲಿ ಬೆಳಗ್ಗೆ ಅನ್ನುವುದೇ ಕಷ್ಟದ ಹೊತ್ತು. ಉರಿಯೂತ ತರುವ ರಾಸಾಯನಿಕಗಳು ಬೆಳಗಿನ ಜಾವದ ಹೊತ್ತಿಗೆ ದೇಹದಲ್ಲಿ ಏರುತ್ತವೆ. ಎದ್ದಾಗ ಬೆರಳು ಮಡಚಲು ಬರುವುದಿಲ್ಲ. ಬಾಚಣಿಗೆ ಹಿಡಿಯಲು, ನಲ್ಲಿ ತಿರುಗಿಸಲು, ಬಟನ್ ಹಾಕಲು ಆಗುವುದಿಲ್ಲ. ಒಂದು ಗಂಟೆ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ. ಮಧ್ಯಾಹ್ನದ ಹೊತ್ತಿಗೆ ಅದೇ ಕೈ ಸಡಿಲವಾಗಿ, ನೋಡಿದವರಿಗೆ "ಇವಳಿಗೇನಾಗಿದೆ, ಚೆನ್ನಾಗೇ ಇದ್ದಾಳಲ್ಲ" ಅನ್ನಿಸುವ ಹಾಗೆ ಇರುತ್ತದೆ. ಲ್ಯಾಬ್ ನೋಡಿದರೆ ಇದಕ್ಕೆ ಪೂರ್ತಿ ಉಲ್ಟಾ. ಖಾಲಿ ಹೊಟ್ಟೆಯ ಸ್ಯಾಂಪಲ್ ಕೊಡುವವರೆಲ್ಲ ಬರುವುದು ಬೆಳಗ್ಗೆಯೇ. ಇಡೀ ದಿನದ ಅರ್ಧ ಕೆಲಸ ಮೊದಲ ಎರಡು ಮೂರು ಗಂಟೆಯಲ್ಲಿ ಮುಗಿಯುತ್ತದೆ.

ಮೇಡಂ ಆ ಬೆಳಗನ್ನು ಒಂದು ಸಲವೂ ನೋಡಿದವರಲ್ಲ. ನಾನು ಹೇಳಿದ್ದನ್ನು ಕೇಳಿದರು, ಅಷ್ಟೇ. "ಪ್ರೂಫ್ ಏನಿದೆ" ಅನ್ನಲಿಲ್ಲ. ಮುಂದಿನ ವಾರದಿಂದಲೇ ನನ್ನನ್ನು ಮಧ್ಯಾಹ್ನದ ಪಾಳಿಗೆ ಹಾಕಿದರು. ರಕ್ತ ತೆಗೆಯುವ ಕೌಂಟರಿನಿಂದ ಮೈಕ್ರೋಸ್ಕೋಪಿಗೆ, ಮೈಕ್ರೋಸ್ಕೋಪಿನಿಂದ ರಿಪೋರ್ಟ್ ಪರಿಶೀಲನೆಗೆ, ಹೀಗೆ ಕೈ ಸೋತ ಹಾಗೆಲ್ಲ ಕೆಲಸವನ್ನೂ ಸ್ವಲ್ಪ ಸ್ವಲ್ಪ ಸರಿಸುತ್ತಾ ಹೋದರು. ಟ್ಯೂಬಿನ ಮುಚ್ಚಳ ತಿರುಗಿಸುವ ಸಣ್ಣ ಸಾಧನ ತರಿಸಿದರು. ದ್ರವವನ್ನು ಅಳತೆಯಾಗಿ ಹೀರಿ ಬಿಡುವುದಕ್ಕೆ ಹೆಬ್ಬೆರಳಲ್ಲಿ ಒತ್ತುವ ಹಳೆಯ ಪಿಪೆಟ್ ಬದಲು ಬ್ಯಾಟರಿ ಪಿಪೆಟ್ ಬಂತು. ಅದು ನನಗೊಬ್ಬಳಿಗೇ ಅಂತ ಹೇಳಲಿಲ್ಲ, ಎಲ್ಲರ ಮೇಜಿಗೂ ಒಂದೊಂದು ಇಟ್ಟರು. ದಿನವಿಡೀ ಪಿಪೆಟ್ ಒತ್ತಿದರೆ ಆರೋಗ್ಯವಂತರ ಹೆಬ್ಬೆರಳೂ ಹಾಳಾಗುತ್ತದೆ, ಆ ಮಾತು ಬೇರೆ. ಆದರೆ ಅವತ್ತು ಹಾಗೆ ಮಾಡಿದ್ದು ನನ್ನ ಮುಜುಗರ ತಪ್ಪಿಸಲಿಕ್ಕೆ ಅಂತ ನನಗೆ ಗೊತ್ತು.

ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 2006ರಲ್ಲಿ ಒಪ್ಪಿಕೊಂಡ ಒಡಂಬಡಿಕೆಯಲ್ಲಿ ಇದಕ್ಕೆ ಜಾಗ ಇದೆ. ಕೆಲಸಕ್ಕೆ ಸೇರಿದ ಮೇಲೆ ಅಂಗವೈಕಲ್ಯ ಬಂದವರಿಗೂ ಕೆಲಸದ ಹಕ್ಕು ಇದೆ, ಅವರಿಗೆ ತಕ್ಕ ಅನುಕೂಲ ಮಾಡಿಕೊಡಬೇಕು ಅಂತ ಅದರ 27ನೇ ವಿಧಿ ಹೇಳುತ್ತದೆ. ಮೇಡಂ ಅದನ್ನು ಓದಿದ್ದರೋ ಇಲ್ಲವೋ, ನಾನು ಕೇಳಿಲ್ಲ. ಅವರು ಮಾಡಿದ ಬದಲಾವಣೆಗಳಿಂದ ನಾನು ಇನ್ನೂ ಕೆಲವು ವರ್ಷ ಕೆಲಸ ಮಾಡಿದೆ, ಒಳ್ಳೆಯ ಕೆಲಸವನ್ನೇ ಮಾಡಿದೆ.

ಇನ್ನು ನನ್ನ ಜೊತೆ ಪಾಳಿಯಲ್ಲಿದ್ದವರು. ನನ್ನ ಮುಖ್ಯ ಔಷಧಿ ಮೆಥೊಟ್ರೆಕ್ಸೇಟ್. ಇದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ದಿನಾ ತೆಗೆದುಕೊಂಡರೆ ಜೀವಕ್ಕೇ ಅಪಾಯ, ಹಾಗೆ ಆಗಿ ಸತ್ತವರೂ ಇದ್ದಾರೆ. ಔಷಧಿ ಅಂಗಡಿಯ ಹುಡುಗ ಮೊದಲ ಸಲವೇ ಡಬ್ಬಿ ಮೇಲೆ ವಾರದ ಹೆಸರನ್ನು ದಪ್ಪಕ್ಷರದಲ್ಲಿ ಬರೆದುಕೊಟ್ಟ. "ಮೇಡಂ, ನಿಮಗೆ ಗೊತ್ತಿರುತ್ತೆ, ಆದ್ರೂ ಬರೀತೀನಿ" ಅಂದ. ಅವನಿಗೂ ಥ್ಯಾಂಕ್ಸ್. ಗೊತ್ತಿರುವವರೇ ಮೈಮರೆಯುವುದು ಜಾಸ್ತಿ. ಈ ಮಾತ್ರೆ ತಗೊಂಡ ಮಾರನೇ ದಿನ ನನಗೆ ಹೊಟ್ಟೆ ತೊಳಸುತ್ತಿತ್ತು, ಸುಸ್ತು ಬೇರೆ. ಪಾಳಿ ಪಟ್ಟಿ ಬರೆಯುವ ತಂಗಿ ಆ ದಿನವನ್ನು ಸುಮ್ನೆ ನನ್ನ ರಜಾ ದಿನ ಮಾಡಿಬಿಟ್ಟಳು. ಯಾರೂ ಅದನ್ನು ಚರ್ಚೆ ಮಾಡಲಿಲ್ಲ. ವರ್ಷಗಟ್ಟಲೆ ಹಾಗೇ ನಡೆಯಿತು. ತನ್ನ ಮನೆಯ ಅನುಕೂಲ ಬಿಟ್ಟು ಅವಳು ಆ ದಿನದ ಪಾಳಿ ಮಾಡಿದ್ದಾಳೆ ಅಂತ ನನಗೆ ಗೊತ್ತಾಗಿದ್ದು ಬಹಳ ತಡವಾಗಿ, ಅದೂ ಬೇರೆಯವರ ಬಾಯಿಂದ.

ಈ ಔಷಧಿ ನುಂಗುವವರು ರಕ್ತಕಣ, ಲಿವರ್, ಕಿಡ್ನಿ ಪರೀಕ್ಷೆ ಆಗಾಗ ಮಾಡಿಸುತ್ತಲೇ ಇರಬೇಕು. ನನ್ನ ರಕ್ತ ತೆಗೆಯುವ ಕೆಲಸ ನಮ್ಮ ಲ್ಯಾಬಿಗೆ ಹೊಸದಾಗಿ ಸೇರಿದ್ದ ಹುಡುಗನ ಪಾಲಿಗೆ ಬಂತು. ಅವನಿಗೆ ನರ ಹುಡುಕುವುದು ಕಲಿಸಿದವಳು ನಾನು. "ಕಣ್ಣಲ್ಲಿ ಹುಡುಕಬೇಡ, ಬೆರಳ ತುದಿಯಲ್ಲಿ ಹುಡುಕು, ಒತ್ತಿದರೆ ಪುಟಿಯುತ್ತೆ ನೋಡು" ಅಂತ. ಸ್ವಲ್ಪ ದಿನಕ್ಕೆ ನನ್ನ ಬೆರಳಿಗೆ ಅದು ಗೊತ್ತಾಗದ ಹಾಗಾಯಿತು, ಅವನ ಬೆರಳಿಗೆ ನನ್ನ ತೋಳೇ ಅಭ್ಯಾಸವಾಯಿತು. ಮುಷ್ಟಿ ಬಿಗಿ ಮಾಡಿ ಅಂತ ಎಲ್ಲರಿಗೂ ಹೇಳುವವನು ನನಗೆ ಒಂದು ದಿನವೂ ಹಾಗೆ ಹೇಳಲಿಲ್ಲ. ಮುಷ್ಟಿ ಕಟ್ಟಲು ನನಗೆ ಆಗುವುದಿಲ್ಲ ಅಂತ ಅವನು ಗಮನಿಸಿದ್ದ. ಬಿಸಿನೀರಿನ ಚೀಲ ಇಟ್ಟು, ನರ ಎದ್ದ ಮೇಲೆ ಸೂಜಿ ಹಾಕುತ್ತಿದ್ದ. ಅವನಿಗೆ ಒಳ್ಳೆಯದಾಗಲಿ.

ನನ್ನ ವೈದ್ಯರಿಗೆ ಎರಡು ವಿಷಯಕ್ಕೆ ಥ್ಯಾಂಕ್ಸ್. ಒಂದು, ಸ್ಟೀರಾಯ್ಡ್ ಮಾತ್ರೆಯನ್ನು ಆದಷ್ಟು ಬೇಗ ಇಳಿಸಿದ್ದಕ್ಕೆ. ಅದನ್ನು ಶುರು ಮಾಡಿದ ಮೊದಲ ವಾರ ನನಗೆ ಕಾಯಿಲೆಯೇ ಇಲ್ಲ ಅನ್ನಿಸಿತ್ತು. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಈ ಕಾಯಿಲೆಯ ಒಬ್ಬ ಹೆಂಗಸಿಗೆ ಮೊದಲ ಸಲ ಕಾರ್ಟಿಸೋನ್ ಅನ್ನುವ ಸ್ಟೀರಾಯ್ಡ್ ಕೊಟ್ಟಾಗ ಆಕೆ ಕೆಲವೇ ದಿನದಲ್ಲಿ ಎದ್ದು ನಡೆದಾಡಿದರಂತೆ. ಎರಡೇ ವರ್ಷಕ್ಕೆ ಹೆಂಚ್‌ಗೆ ನೊಬೆಲ್ ಬಂತು. ಮೂಳೆ ಟೊಳ್ಳಾಗುವುದು, ಸಕ್ಕರೆ ಏರುವುದು ಇವೆಲ್ಲ ಆಮೇಲೆ ಗೊತ್ತಾದ ಕಥೆ. "ಇನ್ನೂ ಸ್ವಲ್ಪ ದಿನ ಕೊಡಿ ಡಾಕ್ಟ್ರೇ" ಅಂತ ನಾನು ಗೋಗರೆದಾಗ ಅವರು ಜಗ್ಗಲಿಲ್ಲ. ಆಗ ಬೈದುಕೊಂಡಿದ್ದೆ, ಇರಲಿ.

ಎರಡನೆಯದು ಕೆಲಸ ಬಿಡುವ ವಿಷಯಕ್ಕೆ.

ವಿಚಿತ್ರ ಏನೆಂದರೆ, ನಾನು ಬಿಡಬೇಕು ಅಂತ ತೀರ್ಮಾನಿಸಿದ್ದು ನನ್ನ ರಿಪೋರ್ಟ್‌ಗಳು ಚೆನ್ನಾಗಿದ್ದ ಕಾಲದಲ್ಲಿ. ಹೊಸ ಇಂಜೆಕ್ಷನ್ ಶುರುವಾಗಿ ಇಎಸ್‌ಆರ್ ಇಳಿದಿತ್ತು, ಸಿಆರ್‌ಪಿ ನಾರ್ಮಲ್. ಲ್ಯಾಬಿನವರು ನಾವು, ಅಂಕಿ ನಂಬಿ ಬದುಕುವ ಜನ. "ಎಲ್ಲ ನಾರ್ಮಲ್ ಇದೆಯಲ್ಲ, ಈಗ್ಯಾಕೆ ಬಿಡ್ತೀರಿ?" ಅಂತ ಹಲವರು ಕೇಳಿದರು. ಕಡತ ನೋಡುವ ಒಬ್ಬ ಅಧಿಕಾರಿಯಂತೂ ರಿಪೋರ್ಟನ್ನು ನನ್ನ ಮುಂದೆಯೇ ಹಿಡಿದು, ಇದನ್ನಿಟ್ಟುಕೊಂಡು ಅನಾರೋಗ್ಯದ ಆಧಾರದಲ್ಲಿ ಬಿಡುಗಡೆ ಹೇಗೆ ಕೊಡುವುದು ಅಂತ ಕೇಳಿದರು. ಅವರು ಕೆಟ್ಟವರೇನಲ್ಲ. ಅವರ ಕಣ್ಣಿಗೆ ಕಾಣುವುದು ಕಾಗದ ಮಾತ್ರ. ಆದರೂ ಅವತ್ತು ಮನೆಗೆ ಬಂದು ತುಂಬಾ ಹೊತ್ತು ಯಾರ ಜೊತೆಗೂ ಮಾತಾಡಲಿಲ್ಲ.

ಡಾಕ್ಟರ್ ಅದಕ್ಕೆ ಉತ್ತರವಾಗಿ ಪತ್ರ ಬರೆದರು. ಎಕ್ಸ್‌ರೇ ಜೊತೆ ಇಟ್ಟರು. ನನಗೆ ಬಾಯಲ್ಲಿ ಹೇಳಿದ್ದು ಇಷ್ಟು: "ಮಳೆ ನಿಂತಿದೆ ಅಮ್ಮಾ, ಕೊಚ್ಚಿಹೋದ ದಂಡೆ ವಾಪಸ್ ಬರಲ್ಲ." ಔಷಧಿ ಕಾಯಿಲೆಯನ್ನು ತಡೆಯುತ್ತದೆ. ಅದಕ್ಕೆ ಮುಂಚೆ ತಿಂದುಹೋದ ಮೂಳೆ, ಸರಿದುಹೋದ ಕೀಲು ಹಾಗೇ ಉಳಿಯುತ್ತದೆ. ರಕ್ತ ನಾರ್ಮಲ್ ಇದ್ದವರ ಕೈಗೂ ಸಿರಿಂಜ್ ಹಿಡಿಯಲು ಬಾರದೆ ಇರಬಹುದು. ಸುಸ್ತಿಗಂತೂ ಪರೀಕ್ಷೆಯೇ ಇಲ್ಲ. ಇದರ ಮೇಲೆ ನಾನು ತೆಗೆದುಕೊಳ್ಳುವ ಇಂಜೆಕ್ಷನ್ ಸೋಂಕು ತಡೆಯುವ ಶಕ್ತಿಯನ್ನೇ ತಗ್ಗಿಸುತ್ತದೆ. ಅದನ್ನು ಶುರು ಮಾಡುವ ಮುಂಚೆ ಕ್ಷಯ ಇದೆಯಾ ಅಂತ ಪರೀಕ್ಷೆ ಮಾಡುವುದೇ ಅದಕ್ಕೆ. ದಿನಾ ಕಫದ ಸ್ಯಾಂಪಲ್ ಬರುವ ಜಾಗದಲ್ಲಿ ಕೂತು ಇದನ್ನು ಮರೆಯುವ ಹಾಗಿಲ್ಲ.

ನನ್ನಿಂದ ಯಾರಿಗೂ ಏನೂ ತೊಂದರೆ ಆಗಿರಲಿಲ್ಲ. ಆಗುವವರೆಗೂ ಕಾಯುವುದು ನನಗೆ ಇಷ್ಟವಿರಲಿಲ್ಲ. ಎದುರಿಗೆ ಚಾಚಿದ ತೋಳು ಬೇರೆಯವರದ್ದು ಅಲ್ವಾ?

ಆ ದಿನಗಳಲ್ಲೇ ಡಾಕ್ಟರ್ ಒಂದು ಕಥೆ ಹೇಳಿದರು. 1967ರಲ್ಲಿ ಕೇಪ್‌ಟೌನಿನಲ್ಲಿ ಪ್ರಪಂಚದಲ್ಲೇ ಮೊದಲ ಸಲ ಮನುಷ್ಯನಿಂದ ಮನುಷ್ಯನಿಗೆ ಹೃದಯ ಕಸಿ ಮಾಡಿದ ಕ್ರಿಸ್ಟಿಯಾನ್ ಬರ್ನಾರ್ಡ್ ಅವರಿಗೂ ಇದೇ ಕಾಯಿಲೆ ಇತ್ತಂತೆ. ಕಾಯಿಲೆ ಗೊತ್ತಾಗಿದ್ದು 1950ರ ದಶಕದಲ್ಲಿ, ಅಂದರೆ ಆ ಆಪರೇಷನ್‌ಗೆ ಎಷ್ಟೋ ವರ್ಷ ಮುಂಚೆ. 1983ರಲ್ಲಿ ಕೈ ಸಹಕರಿಸುತ್ತಿಲ್ಲ ಅಂತ ಆಪರೇಷನ್ ಮಾಡುವುದನ್ನೇ ಬಿಟ್ಟರು. ಕಾಯಿಲೆ ಇಟ್ಟುಕೊಂಡೇ ಅಷ್ಟು ದೊಡ್ಡ ಕೆಲಸ ಮಾಡಿದರು ಅಂತ ಧೈರ್ಯ ತುಂಬಲು ಡಾಕ್ಟರ್ ಹೇಳಿದ್ದಿರಬಹುದು. ನನ್ನ ಮನಸ್ಸಿಗೆ ಹತ್ತಿದ್ದು ಅವರು ಬಿಟ್ಟರು ಅನ್ನುವ ಭಾಗ. ಅಂಥವರೇ ಬಿಡಬಹುದಾದರೆ ನಾನು ನಾಲ್ಕು ಜನರಿಗೆ ವಿವರಣೆ ಕೊಡುತ್ತಾ ಕೂರುವುದು ಯಾಕೆ ಅನ್ನಿಸಿತು. ಅರ್ಜಿ ಬರೆದೆ.

ಮನೆಯವರ ಬಗ್ಗೆ ಜಾಸ್ತಿ ಬರೆದರೆ ಅವರಿಗೆ ಮುಜುಗರ, ಅದಕ್ಕೆ ಚಿಕ್ಕದಾಗಿ. ಸಂಬಳ ನಿಂತರೆ ಹೇಗೆ ಅಂತ ಲೆಕ್ಕ ಹಾಕಲು ಕೂತಾಗ ಅವರು ನನಗಿಂತ ಮೊದಲೇ ಲೆಕ್ಕ ಹಾಕಿಟ್ಟಿದ್ದರು. "ಕಷ್ಟ ಆಗುತ್ತೆ, ಆದ್ರೆ ಆಗುತ್ತೆ" ಅಂದರು. ಏನೂ ಕಷ್ಟ ಇಲ್ಲ ಅಂತ ಸುಳ್ಳು ಹೇಳಲಿಲ್ಲವಲ್ಲ, ಅದಕ್ಕೆ ಅವರಿಗೆ ಕೈಮುಗಿಯುತ್ತೇನೆ. ಮಗಳು ಮನೆಯ ನಲ್ಲಿಗಳಿಗೆಲ್ಲ ಉದ್ದ ಹಿಡಿ ಹಾಕಿಸಿದಳು, ಬಾಗಿಲ ಗುಂಡನೆಯ ಹಿಡಿಕೆ ತೆಗೆಸಿ ಮೊಣಕೈಯಲ್ಲಿ ಒತ್ತುವಂಥದ್ದು ಹಾಕಿಸಿದಳು. ಅತ್ತೆ ಮಾತ್ರ ಇವತ್ತಿಗೂ ಚಳಿಯಿಂದಲೇ ಇದೆಲ್ಲ ಬಂದಿದ್ದು ಅಂತ ನಂಬಿದ್ದಾರೆ. ನಂಬಲಿ ಬಿಡಿ, ನನಗೆ ದಿನಾ ಬೆಳಗ್ಗೆ ಜಡೆ ಹಾಕುವವರು ಅವರೇ.

ಕೆಲಸ ಬಿಟ್ಟ ಮೇಲೆ ಹಾಯಾಗಿದೆಯಾ ಅಂತ ಎಲ್ಲರೂ ಕೇಳುತ್ತಾರೆ. ಅರ್ಧ ಹೌದು. ಬೆಳಗ್ಗೆ ಗಡಿಯಾರ ನೋಡಬೇಕಾಗಿಲ್ಲ, ಕೈ ತನಗೆ ಬೇಕಾದಷ್ಟು ಹೊತ್ತು ತಗೊಳ್ಳಲಿ. ಇನ್ನರ್ಧ, ಲ್ಯಾಬಿನಲ್ಲಿ ನನ್ನ ಮಾತಿಗೆ ಬೆಲೆ ಇತ್ತು. ಸಂಶಯ ಬಂದ ಸ್ಲೈಡ್ ಹಿಡಿದು "ಅಕ್ಕಾ, ಒಂದ್ಸಲ ನೋಡಿ" ಅಂತ ಬರುತ್ತಿದ್ದರು. ಅದು ಈಗಿಲ್ಲ. ಅದರ ಬದಲಿಗೆ ಏನು ಅಂತ ನನಗೆ ಇನ್ನೂ ಹೊಳೆದಿಲ್ಲ. ಹೊಳೆದಿದೆ ಅಂತ ಸುಮ್ನೆ ಹೇಳುವುದಕ್ಕೆ ಮನಸ್ಸಿಲ್ಲ.

ಲ್ಯಾಬಿನ ಹುಡುಗ ಹುಡುಗಿಯರೇ, ನನ್ನ ಹಳೆಯ ನೋಟ್‌ಬುಕ್ ಕೆಳಗಿನ ಡ್ರಾಯರಿನಲ್ಲಿದೆ. ಯಾವ ಮೆಷಿನ್ ಯಾವಾಗ ಹಟ ಮಾಡುತ್ತದೆ, ಕಂಟ್ರೋಲ್ ಸರಿ ಬರದಿದ್ದರೆ ಮೊದಲು ಏನು ನೋಡಬೇಕು ಅಂತ ಅದರಲ್ಲಿ ಬರೆದಿಟ್ಟಿದ್ದೇನೆ. ಕೊನೆಯ ಪುಟಗಳ ಅಕ್ಷರ ಸೊಟ್ಟಗಿದೆ, ಅರ್ಥವಾಗದಿದ್ದರೆ ಫೋನ್ ಮಾಡಿ. ಹನ್ನೊಂದರ ಮೇಲೆ ಮಾಡಿ, ಅದಕ್ಕೂ ಮುಂಚೆ ಫೋನ್ ಎತ್ತಲು ನನ್ನ ಕೈಗೆ ಆಗುವುದಿಲ್ಲ. ಸ್ಲೈಡಿನ ಫೋಟೋ ಕಳಿಸಿದರೂ ನಡೆಯುತ್ತೆ.