ಇಫ್ತಾರ್ ಟೈಮು ಬೆಂಗಳೂರಿಂದು, ನೋಂಬು ಮಂಗಳೂರಿಂದು

ಸಂಪಾದಕರಿಗೆ ನಮಸ್ಕಾರ,

ರಮ್ಜಾನ್ ಬಂತೆಂದ್ರೆ ನಿಮ್ಮ ಪೇಪರಲ್ಲಿ ಕಬಾಬ್, ಹಲೀಮ್ ಫೋಟೋ ಒಂದು ಪೇಜು ತುಂಬಾ ಬರ್ತದೆ, ಖುಷಿಯೇ, ಆದ್ರೆ ಮೂಲೆಯಲ್ಲಿ ಸಣ್ಣ ಬಾಕ್ಸಲ್ಲಿ "ಇಂದಿನ ಇಫ್ತಾರ್, ನಾಳಿನ ಸಹರಿ" ಅಂತ ಸಂಜೆ ನೋಂಬು (ಉಪವಾಸ) ಬಿಡುವ, ಬೆಳಗಿನ ಜಾವದ ಊಟ ಮುಗಿಸುವ ಟೈಮು ಹಾಕ್ತೀರಲ್ಲ, ನನ್ನ ತಕರಾರು ಇರುದು ಅದರ ಬಗ್ಗೆ. ಅದು ಬೆಂಗಳೂರಿನ ಟೈಮು. ಮಂಗಳೂರಲ್ಲಿ ಸೂರ್ಯ ಮುಳುಗುದು ಬೆಂಗಳೂರಿಗಿಂತ ಹೆಚ್ಚುಕಡಿಮೆ 11 ನಿಮಿಷ ಲೇಟು. ಎರಡು ಊರೂ ಭೂಪಟದಲ್ಲಿ ಒಂದೇ ಅಡ್ಡಗೆರೆಯಲ್ಲಿ ಉಂಟು, ಆದ್ರೆ ನಾವು ಪಶ್ಚಿಮಕ್ಕೆ, ಒಂದು ಡಿಗ್ರಿಗೆ 4 ನಿಮಿಷದ ಲೆಕ್ಕ. ಕಾರವಾರದವರಿಗೆ ಇನ್ನೂ ಸ್ವಲ್ಪ ಲೇಟು, ಕೋಲಾರದವರಿಗೆ ಬೆಂಗಳೂರಿಗಿಂತ ಮುಂಚೆ.

11 ನಿಮಿಷದಲ್ಲಿ ಏನಾಗ್ತದೆ ಅಂತ ಕೇಳಬಹುದು. ಕೆಲವು ವರ್ಷದ ಹಿಂದೆ ಒಂದು ಸಂಜೆ ಜೋರು ಮಳೆ, ಕರೆಂಟಿಲ್ಲ, ಮಸೀದಿಯ ಬಾಂಗ್ ಕೇಳ್ತಾ ಇರ್ಲಿಲ್ಲ, ಉಮ್ಮ, ಅಂದ್ರೆ ನನ್ನ ಅಮ್ಮ, ಪೇಪರ್ ನೋಡಿ ಖರ್ಜೂರ ಬಾಯಿಗೆ ಹಾಕಿ ನೀರು ಕುಡಿದಾಯ್ತು. ಆಮೇಲೆ ಅಣ್ಣ ಬಂದು "ಇನ್ನೂ ಟೈಮಾಗ್ಲಿಲ್ಲ ಉಮ್ಮ" ಅಂದ. ಆ ನೋಂಬು ಹೋಯ್ತು. ಪಾಪ ಇಲ್ಲ, ಗೊತ್ತಿಲ್ಲದೆ ಆದದ್ದು, ಆದ್ರೆ ಖಝಾ ಮಾಡ್ಬೇಕು, ಅಂದ್ರೆ ಹಬ್ಬ ಕಳೆದ ಮೇಲೆ ಬೇರೆ ದಿವಸ ಹಿಡಿದು ತೀರಿಸ್ಬೇಕು. ಮಜಾ ಏನೆಂದ್ರೆ, ನೋಂಬು ಇದ್ದದ್ದೇ ಮರೆತು ಮಧ್ಯಾಹ್ನ ಹೊಟ್ಟೆ ತುಂಬ ಊಟ ಮಾಡಿದ್ರೂ ನಮ್ಮಲ್ಲಿ ನೋಂಬು ಮುರಿಯುದಿಲ್ಲ, ಅಲ್ಲಾಹನೇ ಉಣ್ಣಿಸಿದ್ದು ಅಂತ ಪ್ರವಾದಿಯವರ ಮಾತುಂಟು, ನೆನಪಾದ ಕೂಡ್ಲೆ ನಿಲ್ಲಿಸಿದ್ರೆ ಸಾಕು. ಮರೆತವನಿಗೆ ಮಾಫಿ, ಗಡಿಯಾರ ನಂಬಿದವನಿಗೆ ಖಝಾ! ಉಮ್ಮ ಅದನ್ನ ಹೇಳಿ ಈಗಲೂ ನಗ್ತಾರೆ.

ಇನ್ನೊಂದು. ವರ್ಷಾ ವರ್ಷ ನಿಮ್ಮಲ್ಲಿ "ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಉಪವಾಸ" ಅಂತ ಬರೀತಾರೆ. ಸೂರ್ಯೋದಯ ಅಲ್ಲ ಮಾರಾಯ್ರೆ, ಸುಬ್‌ಹಿ, ಮೂಡಣದಲ್ಲಿ ಮೊದಲ ಬೆಳಕಿನ ಗೆರೆ ಬರುವ ಹೊತ್ತು. ಬೆಳಗಿನ ಬಿಳಿ ನೂಲು ಕಪ್ಪು ನೂಲಿನಿಂದ ಬೇರೆಯಾಗಿ ಕಾಣುವವರೆಗೆ ತಿನ್ನಿ ಕುಡೀರಿ ಅಂತ ಕುರ್‌ಆನಿನ ಎರಡನೇ ಅಧ್ಯಾಯದಲ್ಲೇ ಉಂಟು. ಅದು ಸೂರ್ಯ ಹುಟ್ಟುವುದಕ್ಕಿಂತ ಒಂದು ಗಂಟೆಗೂ ಜಾಸ್ತಿ ಮೊದಲೇ ಆಗ್ತದೆ. ನಿಮ್ಮ ಲೇಖನ ಓದಿ ಹೊಸಬ ಯಾರಾದ್ರೂ ಸೂರ್ಯ ಹುಟ್ಟುವವರೆಗೆ ತಿಂದ್ರೆ ಅವರ ನೋಂಬು ಶುರುವಾಗುದೇ ಇಲ್ಲ.

ನಮ್ಮ ಪಕ್ಕದ ಮನೆಯ ಆಂಟಿ ಏಕಾದಶಿ ಮಾಡುವವರು, ಅವರೂ ಕೇಳಿದ್ರು, ನೀರೂ ಇಲ್ಲ ಅಂತೀರಿ, ಇಷ್ಟು ನಿಮಿಷ ಸೆಕೆಂಡು ನೋಡುದು ಯಾಕೆ, ದೇವರಿಗೆ ಮನಸ್ಸು ಸಾಕಲ್ವಾ ಅಂತ. ನಾನು ಹೇಳಿದ್ದು, ಬಾತ್ರೂಮಲ್ಲಿ ಬಾಗಿಲು ಹಾಕಿ ನಲ್ಲಿ ತಿರುಗಿಸಿ ಎರಡು ಗುಟುಕು ನೀರು ಕುಡಿದ್ರೆ ಯಾರಿಗೂ ಗೊತ್ತಾಗುದಿಲ್ಲ, ಆದ್ರೂ ಕುಡಿಯುದಿಲ್ಲ ಅಲ್ವಾ, ಅದನ್ನೇ ತಖ್ವಾ, ಅಂದ್ರೆ ದೇವರ ಭಯ, ಅನ್ನುದು, ನೋಂಬು ಕಡ್ಡಾಯ ಆದದ್ದು ಅದಕ್ಕೇ ಅಂತ ಕುರ್‌ಆನ್ ಹೇಳ್ತದೆ. ಸಂಜೆ ತಟ್ಟೆಯಲ್ಲಿ ಖರ್ಜೂರ, ಗಂಜಿ, ಶರಬತ್ತು ಎದುರಿಟ್ಟುಕೊಂಡು ಕೈ ಕಟ್ಟಿ ಕೂತ್ಕೊಳ್ಳುವ ಕೊನೆಯ ನಾಲ್ಕು ನಿಮಿಷ ಉಂಟಲ್ಲ, ನನಗೆ ಇಡೀ ದಿವಸದ ನೋಂಬು ಗೊತ್ತಾಗುದೇ ಆಗ. ಹಾಗಂತ ಜಾಸ್ತಿ ಪುಣ್ಯ ಅಂತ ಹತ್ತು ನಿಮಿಷ ಲೇಟ್ ಮಾಡುದೂ ಸರಿಯಲ್ಲ, ಸೂರ್ಯ ಮುಳುಗಿದ ಕೂಡ್ಲೆ ನೋಂಬು ಬಿಡ್ಬೇಕು, ಅದೇ ಸುನ್ನತ್, ಪ್ರವಾದಿಯವರ ಪದ್ಧತಿ. ಮತ್ತೆ, ಸುಳ್ಳು ಹೇಳುದು ಬಿಡದವನು ಅನ್ನ ನೀರು ಬಿಡುದು ಅಲ್ಲಾಹನಿಗೆ ಬೇಡ ಅಂತ ಹದೀಸ್ (ಪ್ರವಾದಿಯವರ ಮಾತು) ಉಂಟು, ಅದನ್ನ ನೋಂಬು ಹಿಡಿದು ವಾಟ್ಸಾಪಲ್ಲಿ ಜಗಳ ಮಾಡುವ ನಮ್ಮವರೂ ಓದ್ಬೇಕು.

ಬಾಕ್ಸಲ್ಲಿ ಜಾಗ ಇದ್ರೆ ಒಂದು ಸಾಲು ಇದೂ ಹಾಕಿ: ಕಾಯಿಲೆಯವರಿಗೆ, ಪ್ರಯಾಣದಲ್ಲಿ ಇರುವವರಿಗೆ ಆಮೇಲೆ ಹಿಡಿಯುವ ರಿಯಾಯಿತಿ ಉಂಟು, ಮುಟ್ಟಿನ ದಿನಗಳಲ್ಲಿ ಹೆಂಗಸರು ಹಿಡಿಯುವ ಹಾಗೇ ಇಲ್ಲ, ಇನ್ನು ಹಿಡಿಯಲಿಕ್ಕೇ ಆಗದ ಮುದುಕರಾದ್ರೆ ದಿವಸಕ್ಕೆ ಒಬ್ಬ ಬಡವರಿಗೆ ಆಹಾರ ಕೊಟ್ರೆ ಸಾಕು. ಉಮ್ಮನಿಗೆ ಈಗ ಶುಗರ್, ಇನ್ಸುಲಿನ್ ಬೇರೆ, ಡಾಕ್ಟರು ಬೇಡ ಅಂದ್ರೂ ಕೇಳುದಿಲ್ಲ, ಮಗ ಹೇಳಿದ್ರೆ ನಂಬದವರು ಪೇಪರಲ್ಲಿ ಬಂದ್ರೆ ನಂಬ್ತಾರೆ.

ಟೈಮು ಮಾತ್ರ ಜಿಲ್ಲೆವಾರು ಕೊಡಿ, ಇಲ್ಲದಿದ್ರೆ ಬಾಕ್ಸ್ ಮೇಲೆ "ಬೆಂಗಳೂರಿಗೆ ಮಾತ್ರ" ಅಂತಾದ್ರೂ ಬರೀರಿ. ಚಂದ್ರ ಕಾಣುದು ಹೆಚ್ಚುಕಡಿಮೆಯಾಗಿ ಕೆಲವು ವರ್ಷ ನಮ್ಮ ಮೊದಲ ನೋಂಬೇ ಬೆಂಗಳೂರಿಗಿಂತ ಒಂದು ದಿವಸ ಮುಂಚೆ ಇರ್ತದೆ, ಅದನ್ನೂ ಒಮ್ಮೆ ಇಲ್ಲಿನ ಖಾಝಿಯವರ (ಧಾರ್ಮಿಕ ಮುಖ್ಯಸ್ಥರ) ಹತ್ರ ಕೇಳಿ ಹಾಕಿ.

– ಒಬ್ಬ ಓದುಗ, ಮಂಗಳೂರು