ವಿಮಾನಕ್ಕೆ ಮೊದಲು ಹಿಡಕಲ್‌ನ ಆಳ ಅಳೆಯಿರಿ

ಮಾನ್ಯ ಸಂಪಾದಕರೇ,

ಖಾನಾಪುರ ಭಾಗದ ಕಾಳ್ಗಿಚ್ಚು ಆರಿಸಲು ನೀರಿನಲ್ಲೂ ನೆಲದಲ್ಲೂ ಇಳಿಯುವ ವಿಮಾನ ಬಳಸಬಹುದೇ? ಬಳಸಬಹುದು. ಆದರೆ ವಿಮಾನದ ಬೆಲೆ ವಿಚಾರಿಸುವ ಮೊದಲು, ಅದು ನೀರು ತುಂಬಿಕೊಳ್ಳಬೇಕಾದ ಘಟಪ್ರಭೆಯ ಹಿಡಕಲ್ ಜಲಾಶಯದಲ್ಲಿ ಮಾರ್ಚ್ ತಿಂಗಳಲ್ಲಿ ಎಷ್ಟು ನೀರಿರುತ್ತದೆಂದು ನೋಡಬೇಕು.

ಕಾಳ್ಗಿಚ್ಚು ಆರಿಸುವ ಇಂಥ ವಿಮಾನ, ಕೆನಡಾದ ಸಿಎಲ್-415 ತೆಗೆದುಕೊಳ್ಳಿ. ಇದರ ಒಡಲೇ ದೋಣಿ. ತಳದಲ್ಲಿ, ಭಾರಕೇಂದ್ರದ ತುಸು ಹಿಂದೆ, ಮೆಟ್ಟಿಲಿನಂಥ ಒಂದು ಕಡಿತವಿರುತ್ತದೆ. ವೇಗ ಏರಿದಾಗ ಅಲ್ಲಿ ಗಾಳಿ ನುಗ್ಗಿ ತಳಕ್ಕೆ ಅಂಟಿದ ನೀರನ್ನು ಬಿಡಿಸುತ್ತದೆ. ಅದಿಲ್ಲದಿದ್ದರೆ ಎಂಜಿನ್ ಎಷ್ಟು ಎಳೆದರೂ ನೀರು ಹಿಡಿದೇ ಇಟ್ಟುಕೊಳ್ಳುತ್ತದೆ. ರೆಕ್ಕೆ, ಪ್ರೊಪೆಲರ್ ಎತ್ತರದಲ್ಲಿರುವುದು ಸಿಡಿಯುವ ನೀರು ತಾಗದಿರಲೆಂದು.

ನೀರು ತುಂಬಿಸಲು ಅದು ನಿಲ್ಲುವುದಿಲ್ಲ. ಜಾರುತ್ತಲೇ ತಳದ ಸಣ್ಣ ಬಾಯಿಗಳಿಂದ 12 ಸೆಕೆಂಡಿನಲ್ಲಿ ಸುಮಾರು 6,100 ಲೀಟರ್ ಎತ್ತಿಕೊಳ್ಳುತ್ತದೆ. ಅಷ್ಟರಲ್ಲಿ 6 ಟನ್ ಭಾರ ಮೈಮೇಲೆ! ಪೈಲಟ್ ಅದೇ ಗತಿಯಲ್ಲಿ ಎಂಜಿನ್ ಶಕ್ತಿ ಏರಿಸದಿದ್ದರೆ ವೇಗ ಕುಸಿಯುತ್ತದೆ. ಇದಕ್ಕೆ ಸುಮಾರು 2 ಮೀಟರ್ ಆಳ ಬೇಕು. 15 ಮೀಟರ್ ಎತ್ತರದಿಂದ ಇಳಿದು, ತುಂಬಿಕೊಂಡು, ಮತ್ತೆ ಅಷ್ಟೇ ಎತ್ತರಕ್ಕೇರಲು ಸುಮಾರು 1,340 ಮೀಟರ್ ಅಡೆತಡೆಯಿಲ್ಲದ ದಾರಿ ಬೇಕು.

ಮಳೆಗಾಲದ ಕೊನೆಗೆ ಹಿಡಕಲ್‌ನಲ್ಲಿ ಇದು ಕಷ್ಟವಲ್ಲ. ಆದರೆ ಕಾಡು ಉರಿಯುವುದು ಜಲಾಶಯ ಇಳಿದ ಮೇಲೆ. ಹುನ್ನೂರಿನ ವಿಠ್ಠಲ ಗುಡಿ ನೀರಿನಿಂದ ಮೇಲೆ ಕಾಣುವ ದಿನಗಳಲ್ಲಿ, ಮುಳುಗಿದ ಗೋಡೆ, ಮರದ ಬೊಡ್ಡೆಗಳು ಎಷ್ಟು ಕೆಳಗಿವೆ ಎಂಬುದು ಗೊತ್ತಿರಲೇಬೇಕು. ಆ ವೇಗದಲ್ಲಿ ಒಂದು ಬೊಡ್ಡೆ ತಾಗಿದರೂ ತಳ ಸೀಳುತ್ತದೆ. ತೇಲುವ ಕೊರಡು, ಮೀನಿನ ಬಲೆಯೂ ಅಷ್ಟೇ ಅಪಾಯ.

ಇಳಿಯುವಾಗಿನ ತಪ್ಪುಗಳೂ ಇವೆ. ಸಾಂಬ್ರಾ ವಿಮಾನ ನಿಲ್ದಾಣದಿಂದ ಹಾರಿದ ವಿಮಾನ ಚಕ್ರ ಮಡಚದೆ ನೀರಿಗಿಳಿದರೆ ಮುಗ್ಗರಿಸಿ ಮಗುಚುತ್ತದೆ. ಅಲೆಯಿಲ್ಲದ ಕನ್ನಡಿಯಂಥ ನೀರಿನ ಮೇಲೆ ಎತ್ತರ ಕಣ್ಣಿಗೆ ಸಿಗುವುದಿಲ್ಲ. ಆಗ ದಡವನ್ನು ಗುರುತಾಗಿಟ್ಟುಕೊಂಡು ನಿಧಾನಕ್ಕೆ ಇಳಿಯಬೇಕು.

2019ರ ಆಗಸ್ಟ್‌ನಂಥ ನೆರೆಯಲ್ಲಿ ಜನರನ್ನು ರಕ್ಷಿಸಲು ಇಂಥ ವಿಮಾನ ಆಗುವುದಿಲ್ಲ. ಇಂಥದ್ದೇ ವಿಮಾನವಾದ ಜಪಾನಿನ ಯುಎಸ್-2 ಸಮುದ್ರದಲ್ಲಿ 3 ಮೀಟರ್ ಅಲೆ ತಾಳುತ್ತದೆ, ನಿಜ. ಆದರೆ ಘಟಪ್ರಭೆಯ ರಾಡಿ ನೀರಿನಲ್ಲಿ ಮರ, ವಿದ್ಯುತ್ ಕಂಬ, ತಂತಿಗಳಿರುತ್ತವೆ. ಅಲ್ಲಿ ಬೋಟು, ಹೆಲಿಕಾಪ್ಟರೇ ಸರಿ.

ನೀರಾವರಿ ಮತ್ತು ಅರಣ್ಯ ಇಲಾಖೆಗಳು ಕೂಡಿ ಫೆಬ್ರುವರಿಯಿಂದ ಮೇವರೆಗೆ ತಿಂಗಳಿಗೊಮ್ಮೆ ಅಣೆಕಟ್ಟಿನ ಹತ್ತಿರದ ಆಳವನ್ನು ಬೋಟಿನಿಂದ ಸೋನಾರ್ (ಶಬ್ದದ ಅಲೆಯಿಂದ ಆಳ ತಿಳಿಸುವ ಉಪಕರಣ) ಹಿಡಿದು ಅಳೆಯಲಿ. ನೇರ ದಾರಿ ಎಲ್ಲಿ ಸಿಗುತ್ತದೆಂದು ನಕ್ಷೆಯಲ್ಲಿ ಗುರುತಿಸಿ, ಬಲೆ ಹಾಕುವ ಮೀನುಗಾರರಿಗೂ ತೋರಿಸಲಿ.

– ನಿವೃತ್ತ ವಿಮಾನ ತಂತ್ರಜ್ಞ, ಬೆಳಗಾವಿ