ಹತ್ತನೇ ನಂಬರಿನ ಅಂಗಿ

ಆತ್ಮೀಯರೇ, ನಮಸ್ಕಾರ.

ಯುಗಾದಿ ಕಾರ್ಯಕ್ರಮದ ದಿನ ಬಡಿಸುವವರು ಮೂರು ಜನ ಒಟ್ಟಿಗೇ ನಾಪತ್ತೆ. ಹೋಳಿಗೆ ಟ್ರೇ ಮೇಜಿನ ಮೇಲಿದೆ, ತುಪ್ಪ ಪಕ್ಕದಲ್ಲಿ ಆರುತ್ತಿದೆ, ಜನ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದಾರೆ. ಹುಡುಕಿಕೊಂಡು ಹೋದರೆ ಮೂವರೂ ಪಾರ್ಕಿಂಗ್‌ನಲ್ಲಿ ಒಂದೇ ಫೋನಿನ ಮೇಲೆ ಬಗ್ಗಿದ್ದರು. ಕ್ಯಾರೊಲೈನಾದ ಬಾಸ್ಕೆಟ್‌ಬಾಲ್ ಮ್ಯಾಚು! ಬೈಯೋಣ ಅಂತ ಹೋದವನು ನಾನೂ ಹತ್ತು ನಿಮಿಷ ಅಲ್ಲೇ ನಿಂತುಬಿಟ್ಟೆ. ಸಮಿತಿಯವರು ಕ್ಷಮಿಸಬೇಕು.

ಅಮೆರಿಕದ ನಾರ್ತ್ ಕ್ಯಾರೊಲೈನಾದ ರಾಲಿ, ಕ್ಯಾರಿ, ಚ್ಯಾಪಲ್ ಹಿಲ್ ಸುತ್ತಮುತ್ತ ಮನೆ ಮಾಡಿದ ನಮಗೆಲ್ಲ ಮಾರ್ಚ್ ತಿಂಗಳ ಈ ಜ್ವರ ಹೊಸದೇನಲ್ಲ. ನಮ್ಮನೆಯಲ್ಲಿ ಮಗಳದು ಕ್ಯಾರೊಲೈನಾದ, ಅಂದರೆ ಚ್ಯಾಪಲ್ ಹಿಲ್ ಯೂನಿವರ್ಸಿಟಿ ತಂಡದ ತಿಳಿನೀಲಿ ಅಂಗಿ, ಮಗನದು ಎದುರಾಳಿ ಎನ್.ಸಿ. ಸ್ಟೇಟ್‌ನ ಕೆಂಪು. ಊಟದ ಮೇಜಿನ ಮೇಲೆ ದಿನಾ ಯುದ್ಧ. ಆದರೆ ಈ ಜ್ವರ ಇಲ್ಲಿನ ಮನೆಮನೆಗೆ ಹಬ್ಬಿದ್ದು 1957ರಲ್ಲಿ. ಹಬ್ಬಿಸಿದವರಲ್ಲಿ ಮೊದಲಿಗ ಈ ಊರಿನವನೇ ಅಲ್ಲ, ನ್ಯೂಯಾರ್ಕಿನ ಬ್ರಾಂಕ್ಸ್‌ನಿಂದ ಬಂದ ಯಹೂದಿ ಹುಡುಗ. ಹೆಸರು ಲೆನ್ನಿ ರೋಸೆನ್‌ಬ್ಲೂತ್.

ಹೈಸ್ಕೂಲಿನಲ್ಲಿ ಆತ ಆಡಿದ್ದೇ ಬೆರಳೆಣಿಕೆಯ ಪಂದ್ಯ. 6 ಅಡಿ 5 ಇಂಚು ಎತ್ತರ, ಕಡ್ಡಿಯಂಥ ಮೈ. ರಾಲಿಯ ಎನ್.ಸಿ. ಸ್ಟೇಟ್‌ನವರು ಕರೆಸಿ ಆಡಿಸಿ ನೋಡಿ, ಬೇಡ ಎಂದು ಕಳಿಸಿಬಿಟ್ಟರು. (ಮಗನಿಗೆ ಇದನ್ನು ಹೇಳಿದೆ. ಉತ್ತರ ಬರಲಿಲ್ಲ.) ಅದೇ ಹೊತ್ತಿಗೆ ಕೋಚ್ ಫ್ರ್ಯಾಂಕ್ ಮೆಗೈರ್ ನ್ಯೂಯಾರ್ಕ್ ಬಿಟ್ಟು ಚ್ಯಾಪಲ್ ಹಿಲ್‌ಗೆ ಹೊರಟಿದ್ದರು. ಹುಡುಗ ಅವರ ಬೆನ್ನು ಹಿಡಿದ. ಮುಂದೆ ಅದೇ ದಾರಿಯಲ್ಲಿ ಇನ್ನೂ ನಾಲ್ವರು ಬಂದರು. ತಂಡದಲ್ಲಿ ಮೊದಲಿಗೆ ಕಣಕ್ಕಿಳಿಯುವ ಐದು ಜನವೂ ನ್ಯೂಯಾರ್ಕ್ ಕಡೆಯವರೇ, ನಾಲ್ವರು ಕ್ಯಾಥೊಲಿಕರು, ಒಬ್ಬ ಯಹೂದಿ. ದಕ್ಷಿಣದ ಆ ಚಿಕ್ಕ ಊರಿಗೆ ಅವರ ಮಾತಿನ ಧಾಟಿಯೇ ವಿಚಿತ್ರ. ನಮ್ಮ ಇಂಗ್ಲಿಷ್ ಕೇಳಿ ಇಲ್ಲಿನವರು ಮುಖ ನೋಡುವ ಹಾಗೆ, ಅಲ್ವಾ?

ಆಮೇಲೆ ಆದದ್ದನ್ನು ಅಂಕಿಗಳೇ ಹೇಳುತ್ತವೆ. 76 ಪಂದ್ಯ, 2,045 ಅಂಕ. ಕೊನೆಯ ವರ್ಷ ಒಂದರಲ್ಲೇ 897, ಅಂದರೆ ಪಂದ್ಯಕ್ಕೆ 28. ದೂರದಿಂದ ಹಾಕಿದರೆ ಮೂರು ಅಂಕ ಕೊಡುವ ಗೆರೆಯೇ ಇಲ್ಲದ ಕಾಲ ಅದು! ಒಂದೇ ಸೀಸನ್‌ನಲ್ಲಿ ಅಷ್ಟು ಅಂಕ ಗಳಿಸಿದವರು ಕ್ಯಾರೊಲೈನಾದಲ್ಲಿ ಇವತ್ತಿಗೂ ಮತ್ತೊಬ್ಬರಿಲ್ಲ. ಆ ವರ್ಷ ತಂಡ ಆಡಿದ್ದು 32, ಗೆದ್ದದ್ದೂ 32.

ಹಾಗಂತ ಆ ಊರಿನ ಬಾಗಿಲು ಎಲ್ಲರಿಗೂ ತೆರೆದಿತ್ತು ಅಂದುಕೊಳ್ಳಬೇಡಿ. 1955ರಲ್ಲಿ ಕೋರ್ಟ್ ಹೇಳಿದ ಮೇಲಷ್ಟೇ ಮೂವರು ಕಪ್ಪು ಹುಡುಗರು ಅಲ್ಲಿ ಪದವಿ ತರಗತಿಗೆ ಸೇರಲು ಆದದ್ದು. ಸ್ಕಾಲರ್‌ಶಿಪ್ ಪಡೆದು ಬಾಸ್ಕೆಟ್‌ಬಾಲ್ ಆಡಿದ ಮೊದಲ ಕಪ್ಪು ಆಟಗಾರ ಚಾರ್ಲಿ ಸ್ಕಾಟ್ ಬರಬೇಕಾದರೆ 1966 ಆಯಿತು. ಬ್ರಾಂಕ್ಸ್ ಹುಡುಗನಿಗೆ ಸಿಕ್ಕ ಚಪ್ಪಾಳೆಯ ಜೊತೆ ಇದನ್ನೂ ನೆನೆಯಬೇಕು.

ಕಾಲೇಜು ಮುಗಿಸಿ ರೋಸೆನ್‌ಬ್ಲೂತ್ ವೃತ್ತಿಪರ ತಂಡವಾದ ಫಿಲಡೆಲ್ಫಿಯಾ ವಾರಿಯರ್ಸ್‌ಗೆ ಎರಡು ವರ್ಷ ಆಡಿದರು. ಅಲ್ಲಿ ಮಿಂಚಲಿಲ್ಲ. ಆಮೇಲೆ ಹೈಸ್ಕೂಲ್ ಮೇಷ್ಟರಾಗಿ ಫ್ಲಾರಿಡಾದಲ್ಲಿ ವರ್ಷಗಟ್ಟಲೆ ಪಾಠ ಹೇಳಿದರು, ಮಕ್ಕಳಿಗೆ ಆಟ ಕಲಿಸಿದರು. ಇಳಿವಯಸ್ಸಿನಲ್ಲಿ ಚ್ಯಾಪಲ್ ಹಿಲ್‌ಗೇ ಮರಳಿ ಬಂದರು. 2022ರಲ್ಲಿ, 89ನೇ ವಯಸ್ಸಿನಲ್ಲಿ ತೀರಿಕೊಂಡರು.

ನಾನು ಇಷ್ಟೆಲ್ಲ ಬರೆಯಲು ಕೂತದ್ದು ಮಾತ್ರ ಒಂದೇ ರಾತ್ರಿಗಾಗಿ. 1957ರ ಮಾರ್ಚ್ 23, ಕ್ಯಾನ್ಸಸ್ ಸಿಟಿ, ಕಾಲೇಜು ತಂಡಗಳ ರಾಷ್ಟ್ರೀಯ ಚಾಂಪಿಯನ್‌ಶಿಪ್ ಫೈನಲ್. ಹಿಂದಿನ ರಾತ್ರಿಯಷ್ಟೇ ಮಿಷಿಗನ್ ಸ್ಟೇಟ್ ಮೇಲೆ ಮೂರು ಓವರ್‌ಟೈಮ್ (ಅಂಕ ಸಮವಾದಾಗ ಕೊಡುವ 5 ನಿಮಿಷದ ಹೆಚ್ಚುವರಿ ಆಟ) ಆಡಿ ಗೆದ್ದ ಕಾಲುಗಳು. ಎದುರಿಗೆ ಕ್ಯಾನ್ಸಸ್ ತಂಡ, ಅದರಲ್ಲಿ 7 ಅಡಿಯ ವಿಲ್ಟ್ ಚೇಂಬರ್ಲಿನ್. ಆಟ ಶುರುಮಾಡಲು ಮೇಲೆಸೆದ ಬಾಲಿಗೆ ಇಬ್ಬರು ಹಾರುವ ಜಂಪ್‌ಗೆ ಮೆಗೈರ್ ಕಳಿಸಿದ್ದು 5 ಅಡಿ 11 ಇಂಚಿನ ಟಾಮಿ ಕರ್ನ್ಸ್‌ನನ್ನು! ಬಾಲ್ ಸಿಗಲ್ಲ ಅಂತ ಗೊತ್ತಿತ್ತು. ಸುಮ್ನೆ ವಿಲ್ಟ್‌ನನ್ನು ಕೆಣಕಬೇಕಿತ್ತು, ಅಷ್ಟೇ.

ರೋಸೆನ್‌ಬ್ಲೂತ್ 20 ಅಂಕ ಗಳಿಸಿದರು. ಪಂದ್ಯ ಮುಗಿಯಲು ಎರಡು ನಿಮಿಷವೂ ಇರಲಿಲ್ಲ, ತಂಡ ಮೂರು ಅಂಕ ಹಿಂದೆ. ಆಗ ಅವರದು ಐದನೇ ಫೌಲ್, ಐದಾದರೆ ಆಟದಿಂದ ಹೊರಗೆ. ಎದ್ದು ಬಂದು ಬೆಂಚಿನ ಮೇಲೆ ಕೂರುವುದು ಬಿಟ್ಟು ಬೇರೆ ದಾರಿಯಿಲ್ಲ. ಉಳಿದವರು ಹೇಗೋ 46-46 ಮಾಡಿದರು. ಮೊದಲ ಓವರ್‌ಟೈಮ್ ಮುಗಿದಾಗ 48-48. ಎರಡನೆಯದರಲ್ಲಿ ಎರಡೂ ಕಡೆ ಸೊನ್ನೆ. ಆಗ ಕಾಲೇಜು ಆಟದಲ್ಲಿ ಇಷ್ಟು ಸೆಕೆಂಡಿನೊಳಗೆ ಬಾಲ್ ಎಸೆಯಲೇಬೇಕು ಎನ್ನುವ ಶಾಟ್ ಕ್ಲಾಕ್ ಇರಲಿಲ್ಲ, ಬಾಲ್ ಹಿಡಿದು ಎಷ್ಟು ಹೊತ್ತಾದರೂ ಕಾಯಬಹುದಿತ್ತು. ವರ್ಷವಿಡೀ ತಂಡವನ್ನು ಹೊತ್ತು ತಂದ ಮನುಷ್ಯ ಆ 15 ನಿಮಿಷ ಕೂತಲ್ಲೇ ಕೂತಿದ್ದರು. ಇತ್ತ ಈ ರಾಜ್ಯದ ಮನೆಗಳಲ್ಲಿ ಜನ ಟೀವಿ ಮುಂದೆ ಕೂತಿದ್ದರು.

ಮೂರನೇ ಓವರ್‌ಟೈಮ್‌ನಲ್ಲಿ 6 ಸೆಕೆಂಡು ಉಳಿದಾಗ ಜೋ ಕ್ವಿಗ್‌ಗೆ ಎರಡು ಫ್ರೀ ಥ್ರೋ (ಎದುರಾಳಿಯ ಫೌಲ್‌ಗೆ ಸಿಗುವ, ಯಾರೂ ತಡೆಯದ ಎಸೆತ) ಸಿಕ್ಕವು. ಎರಡೂ ಬುಟ್ಟಿಗೆ ಬಿದ್ದವು. 54-53. ಚೇಂಬರ್ಲಿನ್ ಕಡೆ ಹೊರಟ ಪಾಸನ್ನು ಕ್ವಿಗ್ ಕೈಯಿಂದ ತಟ್ಟಿದ. ಬಾಲ್ ಕರ್ನ್ಸ್ ಕೈಗೆ ಬಂತು. ಅವನು ಅದನ್ನು ಮೇಲಕ್ಕೆ, ಚಾವಣಿಯ ಕಡೆ, ಎಷ್ಟು ಎತ್ತರಕ್ಕೆ ಆಗುತ್ತೋ ಅಷ್ಟು ಎತ್ತರಕ್ಕೆ ಎಸೆದ. ಅದು ಕೆಳಗೆ ಬರುವಷ್ಟರಲ್ಲಿ ಗಡಿಯಾರ ನಿಂತಿತ್ತು.

ರೋಸೆನ್‌ಬ್ಲೂತ್ ತೊಟ್ಟ ಆ ಹತ್ತನೇ ನಂಬರಿನ ಅಂಗಿ ಈಗ ಕ್ಯಾರೊಲೈನಾ ತಂಡ ಆಡುವ ಡೀನ್ ಸ್ಮಿತ್ ಸೆಂಟರಿನ ಚಾವಣಿಯಲ್ಲಿ ತೂಗುತ್ತಿದೆ. ಮುಂದಿನ ಸಲ ಮ್ಯಾಚಿಗೆ ಹೋದಾಗ ಒಮ್ಮೆ ತಲೆಯೆತ್ತಿ ನೋಡಿ.